ಅಕ್ಕನ ಕೈಗೆ ಗದೆ

ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳನ್ನು ಡಬ್ಬಿ ಅಂತಲೇ ಕರೆಯಬೇಕೆಂದು ಯಾವ ಕಾನೂನೂ ಇಲ್ಲ. ಆದರೆ ಭಾವ ಒಂದು ಸಲ ಹಾಗೆ ಕರೆದರು, ಅಮ್ಮ ಬಿದ್ದು ಬಿದ್ದು ನಕ್ಕಳು, ಅಲ್ಲಿಗೆ ಮುಗಿಯಿತು. ಹುಡುಗಿಯ ನಿಜವಾದ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಬಲ್ಬಿಗೆ ಎಂಥ ಪೆಟ್ಟಿಗೆ, ಬೂಟಿಗೆ ಎಂಥದ್ದು, ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಅಂತ ಗೆರೆ ಎಳೆದುಕೊಡುವುದು ಅವಳ ಕೆಲಸ. ಮಿಕ್ಕ ರಟ್ಟಿನ ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಮನೆಯಲ್ಲಿ ಅವಳೊಂದು ಆಟ ಕಟ್ಟುತ್ತಿದ್ದಳು.

ಎಂಥ ಆಟ ಅಂತೀರಾ? ಮೇಜಿನ ಸುತ್ತ ಕೂತು ಕಥೆ ಆಡುವ ಆಟ. "ಮುಂದೆ ಗುಹೆ ಇದೆ, ಒಳಗಿಂದ ಗೊರಕೆ ಕೇಳ್ತಿದೆ, ಏನ್ಮಾಡ್ತೀರಿ?" ಅಂತ ಡಬ್ಬಿ ಕೇಳುವಳು. ಉಳಿದವರು ಕಥೆಯೊಳಗಿನ ವೀರರಾಗಿ ಉತ್ತರ ಹೇಳಿ ದಾಳ ಹಾಕುವರು. ಒಬ್ಬೊಬ್ಬರದು ಒಂದೊಂದು ಪಾತ್ರ, ಅದರ ಶಕ್ತಿ ಬರೆದ ಒಂದೊಂದು ರಟ್ಟಿನ ಕಾರ್ಡು. ಭಾವ ಖಡ್ಗದವನು, ಅಮ್ಮ ಮಾಟಗಾತಿ, ಮಹಡಿ ಮೇಲಿನ ಮನೆಯ ಗಡಿಯಾರ ರಿಪೇರಿ ಮಾವ ಕಳ್ಳ, ಅಕ್ಕ ವೈದ್ಯೆ. ಎಲ್ಲರ ಮುಂದೆಯೂ, ಡಬ್ಬಿ ಆಡಿಸುವ ರಾಕ್ಷಸನ ಮುಂದೆಯೂ, ಅಮ್ಮನ ಹೊಲಿಗೆ ಡಬ್ಬದಿಂದ ತೆಗೆದ ಅಂಗಿ ಗುಂಡಿಗಳ ರಾಶಿ. ಒಂದು ಗುಂಡಿ ಅಂದರೆ ಒಂದು ಉಸಿರು. ಏಟು ಬಿದ್ದರೆ ಗುಂಡಿ ಹೋಯಿತು. ಗುಂಡಿಯೆಲ್ಲ ಹೋದರೆ ಆಸಾಮಿಯೇ ಹೋದ. ಹೋದ ಗುಂಡಿಯನ್ನು ಮರಳಿ ಕೊಡುವ ಶಕ್ತಿ ವೈದ್ಯೆಗೆ ಮಾತ್ರ.

ನಿಜ ಹೇಳಬೇಕೆಂದರೆ ಡಬ್ಬಿ ಈ ಆಟ ಕಟ್ಟಲು ಕೂತದ್ದೇ ಅಕ್ಕನಿಗಾಗಿ. ಅಕ್ಕ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸು. ಮದುವೆಯಾಗಿ ಎರಡು ಬೀದಿ ಆಚೆ ಹೋದಳು ಅಷ್ಟೇ, ಆದರೆ ಇವತ್ತು ಆ ಶಿಫ್ಟು, ನಾಳೆ ಈ ಶಿಫ್ಟು, ಮುಖ ನೋಡುವುದೇ ಕಷ್ಟ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಅಕ್ಕ ಭಾನುವಾರ ಮಧ್ಯಾಹ್ನದ ಈ ಆಟಕ್ಕೆ ಮಾತ್ರ ಸಿಗುತ್ತಿದ್ದಳು. ಡಬ್ಬಿ ವಾರವಿಡೀ ಆ ಮಧ್ಯಾಹ್ನದ ದಾರಿ ಕಾಯುತ್ತಿದ್ದಳು.

ಅವತ್ತೂ ಎಂದಿನಂತೆ ಭಾವ ಹಿಂದೆಮುಂದೆ ನೋಡದೆ ರಾಕ್ಷಸನ ಮೇಲೆ ನುಗ್ಗಿದರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಬೀದಿಯಲ್ಲಿ ಇರುವೆಗೂ ಬ್ರೇಕ್ ಹಾಕುವ ಮನುಷ್ಯ, ಆಟಕ್ಕೆ ಕೂತರೆ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು. ಒಂದು ಗುಂಡಿ ಬಿಟ್ಟು ಉಳಿದದ್ದೆಲ್ಲ ಕಳಕೊಂಡು, "ಲೇ, ಬೇಗ ಗುಂಡಿ ಕೊಡೇ!" ಅಂದರು ಹೆಂಡತಿಗೆ.

"ನಂಗೂ ಎರಡು," ಅಂದಳು ಅಮ್ಮ.

"ನನಗೂ ಒಂದಿರಲಿ ಮಗಳೇ," ಅಂದರು ಮಾವ.

ಅಕ್ಕ ದಾಳ ಕೆಳಗಿಟ್ಟಳು. "ಮುಂದಿನ ವಾರದಿಂದ ನಾನು ಬರಲ್ಲ," ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ಡಬ್ಬಿಗೆ ಅದೇ ಭಯವಾದದ್ದು. "ವಾರವೆಲ್ಲ ಅಲ್ಲಿ ಪಟ್ಟಿ ಕಟ್ತೀನಿ. ಇಲ್ಲಿಗೆ ಬಂದ್ರೂ ಅದೇ. ಅದರ ಬದಲು ಮನೇಲಿ ನಿದ್ದೆ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ."

"ಬೇರೆ ಪಾತ್ರ ತಗೋ, ಅದಕ್ಕೇನಂತೆ?" ಅಂದರು ಭಾವ.

"ತಗೋತೀನಿ. ವೈದ್ಯೆ ಯಾರಾಗ್ತೀರಿ?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಮ್ಮ ಫ್ಯಾನು ನೋಡಿದಳು. ಮಾವ ಕನ್ನಡಕ ಒರೆಸಿದರು. ಭಾವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅಕ್ಕ ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಡಬ್ಬಿ ಹಟಮಾರಿ ಜೀವ, ಸುಮ್ಮನೆ ಕೂರಲಿಲ್ಲ. ವೈದ್ಯೆಯ ಶಕ್ತಿ ಸಾಲದೇನೋ ಅಂದುಕೊಂಡಳು. ಹೊಸ ಕಾರ್ಡು ಕತ್ತರಿಸಿ, ಅಂಚಿಗೆ ಬಂಗಾರದ ಬಣ್ಣ ಬಳಿದು, ವೈದ್ಯೆಗೆ ಹೊಸ ಮೂಲಿಕೆ, ಹೊಸ ಮಂತ್ರದಂಡ, ಸಾಲದ್ದಕ್ಕೆ ಒಂದು ಬಿಳಿ ಕುದುರೆಯನ್ನೂ ಕೊಟ್ಟಳು. ಅವಸರದಲ್ಲಿ ಕಟ್ಟರ್ ಬ್ಲೇಡು ಹೆಬ್ಬೆರಳಿಗೆ ತಾಗಿತು. ಕರವಸ್ತ್ರ ಸುತ್ತಿಕೊಂಡು ಮಾರನೇ ದಿನ ಸಂಜೆ ಅಕ್ಕನ ಮನೆಗೆ ಓಡಿದಳು.

ಅಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಡಬ್ಬಿ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯಾಕೆ ತೋಳು ಚಾಚಿಕೊಂಡು ಬಂದರು: "ಬಿ.ಪಿ. ಒಂಚೂರು ನೋಡಮ್ಮಾ." ನೋಡಿದ್ದಾಯಿತು. ಆಮೇಲೆ ಡ್ರೈವಿಂಗ್ ಸ್ಕೂಲಿನಿಂದ ಭಾವನ ಫೋನು, ತಲೆನೋವಿಗೆ ಯಾವ ಮಾತ್ರೆ ಅಂತ. ಹೇಳಿದ್ದಾಯಿತು. ಅದರ ಬೆನ್ನಿಗೇ ಅಮ್ಮನ ಫೋನು, ಕಣ್ಣಿಗೆ ಹಾಕುವ ಡ್ರಾಪ್ಸು ಎಷ್ಟು ಹನಿ ಅಂತ. ಬಕೆಟ್ಟಿನ ನೀರು ತಣ್ಣಗಾಗುತ್ತಿತ್ತು.

ಕೊನೆಗೆ ಅಕ್ಕ ಕಾರ್ಡು ಓದಿದಳು. "ಕುದುರೆ ಯಾಕೆ?"

"ಬೇಗ ಬೇಗ ಹೋಗಿ ಎಲ್ಲರನ್ನೂ ವಾಸಿ ಮಾಡಬಹುದು."

"ಓಹೋ, ಆಂಬುಲೆನ್ಸ್ ಕೊಟ್ಟಿದ್ದೀಯ ಅನ್ನು!" ಅಕ್ಕ ನಕ್ಕ ರಭಸಕ್ಕೆ ಬಕೆಟ್ಟಿನ ನೀರು ಚೆಲ್ಲಿತು. "ಹುಚ್ಚಿ, ಪಟ್ಟಿ ಬಂಗಾರದ್ದಾದ್ರೆ ಕಟ್ಟೋ ಕೈ ನೋಯಲ್ವೇನೇ?" ಅಷ್ಟರಲ್ಲಿ ಕರವಸ್ತ್ರ ಕಣ್ಣಿಗೆ ಬಿತ್ತು. "ಬೆರಳಿಗೇನಾಯ್ತು?"

"ಬ್ಲೇಡು ತಾಗ್ತು. ಹೇಗೂ ನೀನು ಕಟ್ತೀಯಲ್ಲ ಅಂತ ಹಾಗೇ ಬಂದೆ."

ಹೇಳಿದ ಮಾತು ತನ್ನ ಕಿವಿಗೇ ಬಿದ್ದು ಡಬ್ಬಿ ನಾಚಿ ನೀರಾದಳು. ಅಕ್ಕ ಆಗಲೇ ಒದ್ದೆ ಕಾಲಲ್ಲೇ ಎದ್ದು ಹತ್ತಿ ತಂದಿದ್ದಳು. ದಿನವಿಡೀ ತೊಳೆದೂ ತೊಳೆದೂ ಅವಳ ಕೈಯ ಚರ್ಮ ಬಿರುಕು ಬಿಟ್ಟಿತ್ತು. ಇಷ್ಟು ವರ್ಷ ಆ ಕೈ ಹಿಡಿದವಳು ಅದನ್ನು ನೋಡಿಯೇ ಇರಲಿಲ್ಲ.

"ಅಕ್ಕಾ, ನಿಂಗೇನಾದ್ರೂ ಆದ್ರೆ ಯಾರು ನೋಡ್ಕೋತಾರೆ?"

"ನಂಗೇನಾಗುತ್ತೆ?" ಅಂದಳು ಅಕ್ಕ, ಪಟ್ಟಿಗೆ ಗಂಟು ಹಾಕುತ್ತಾ.

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಈ ಮನೆಯಲ್ಲಿ ಹಾಗೇನಿಲ್ಲ. ಹಿತ್ತಲ ಗಿಡವನ್ನೇ ದಿನಾ ಕಿತ್ತು ಕಿತ್ತು ಅರೆದರು. ಅದಕ್ಕೊಂದು ತಂಬಿಗೆ ನೀರು ಹಾಕಬೇಕು ಅಂತ ಒಬ್ಬರಿಗಾದರೂ ಹೊಳೆಯಬೇಡವೇ? ಡಬ್ಬಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಬಂದಳು.

ಮನೆಗೆ ಬಂದವಳೇ ವೈದ್ಯೆಯ ಪಾತ್ರವನ್ನೇ ಆಟದಿಂದ ಕಿತ್ತುಹಾಕಿದಳು. ಆದರೆ ಹೋದ ಗುಂಡಿ ಕೊಡುವವರು ಯಾರು? ಉಳಿದ ಮೂರು ಪಾತ್ರಗಳ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ನೋಡಿದಳು. ಒಬ್ಬ ಕತ್ತಿಯಲ್ಲಿ ಹೊಡೆಯುತ್ತಾನೆ, ಒಬ್ಬಳು ಬೆಂಕಿಯಲ್ಲಿ ಹೊಡೆಯುತ್ತಾಳೆ, ಇನ್ನೊಬ್ಬ ಚಾಕುವಿನಲ್ಲಿ. ಅಳಿಯ ಅಲ್ಲ, ಮಗಳ ಗಂಡ! ಬೇರೆ ಬೇರೆ ಅಂತ ಹೆಮ್ಮೆ ಪಟ್ಟುಕೊಂಡದ್ದೆಲ್ಲ ಬರೀ ವೇಷ. ಹೊಡೆಯುವುದರಲ್ಲಿ ಎಲ್ಲರೂ ಒಂದೇ. ಹಾಗಾದರೆ ಬೇರೆಯಾಗುವುದು ಎಲ್ಲಿ?

ಒಳಗೆ ಅಮ್ಮ ಯಾರನ್ನೋ ಫೋನಿನಲ್ಲಿ ಬೈಯುತ್ತಿದ್ದಳು. ಅಮ್ಮ ಹಾಗೆಯೇ. ಯಾರಾದರೂ ಹುಷಾರಿಲ್ಲದೆ ಮಲಗಿದರೆ ಬಾಯಿಗೆ ಬಂದಂತೆ ಬೈದು, ತನ್ನ ತಟ್ಟೆಯದನ್ನೇ ಅವರಿಗೆ ಬಡಿಸುವವಳು. ಭಾವ? ಅವರ ಕಾಲು ಯಾವಾಗಲೂ ಶಿಷ್ಯರ ಕಾರಿನಲ್ಲಿ ಮೇಷ್ಟ್ರಿಗೆಂದೇ ಇರುವ ಎರಡನೇ ಬ್ರೇಕಿನ ಮೇಲೆ, ಏಟು ಬೀಳುವ ಮೊದಲೇ ಅಡ್ಡ. ಮಾವ? ಮನೆಯಲ್ಲಿ ಯಾವುದು ಕೆಟ್ಟರೂ ಸದ್ದಿಲ್ಲದೆ ಬಂದು ಸರಿ ಮಾಡಿ, ಯಾರೂ ನೋಡುವ ಮೊದಲೇ ಮೆಟ್ಟಿಲು ಹತ್ತಿರುತ್ತಾರೆ. ಎಲ್ಲರಿಗೂ ಆರೈಕೆ ಗೊತ್ತು, ಅವರವರ ರೀತಿಯಲ್ಲಿ. ಅಕ್ಕ ಇದ್ದಾಳಲ್ಲ ಅಂತ ಕೈಕಟ್ಟಿ ಕೂತಿದ್ದರು, ಅಷ್ಟೇ. ಡಬ್ಬಿ ಹೊಸ ಕಾರ್ಡು ಕತ್ತರಿಸತೊಡಗಿದಳು. ಖಡ್ಗದವನು ಇನ್ನೊಬ್ಬರ ಏಟಿಗೆ ಅಡ್ಡ ನಿಲ್ಲುವನು. ಮಾಟಗಾತಿ ತನ್ನ ಉಸಿರನ್ನೇ ಕೊಡುವಳು. ಕಳ್ಳ ಶತ್ರುವಿನ ಉಸಿರು ಕದ್ದು ಗೆಳೆಯರ ರಾಶಿಗೆ ಸೇರಿಸುವನು. ಈಗ ನೋಡಿ, ಮೂವರೂ ಮೂರು ಮನುಷ್ಯರಾದರು.

ಶನಿವಾರ ಅಕ್ಕನಿಗೆ ಫೋನು ಮಾಡಿದಳು. "ವೈದ್ಯೆ ಸತ್ತಳು."

"ಅಯ್ಯೋ! ಹೇಗೆ?"

"ನಾನೇ ಕಿತ್ತು ಬಿಸಾಕಿದೆ. ಇದೊಂದು ಸಲ ಬಾ ಅಕ್ಕಾ. ನೀನಿಲ್ಲದೆ ನಂಗೆ ಈ ಆಟಾನೇ ಬೇಡ."

"ಬಂದು ಏನಾಗ್ಲಿ?"

"ನಿಂಗೇನಿಷ್ಟ?"

ಅಕ್ಕ ಹೊಸ ಊರಲ್ಲಿ ದಾರಿ ಕೇಳುವವರ ಹಾಗೆ ಮೆಲ್ಲಗೆ, "ಗದೆ ಇದೆಯಾ? ದೊಡ್ಡದು?" ಅಂದಳು.

ಭಾನುವಾರ ಅಕ್ಕ ಆಡಿದ ಆಟ ಇದೆಯಲ್ಲ, ಅದನ್ನು ನೋಡಬೇಕಿತ್ತು. ತೆರೆದಿದ್ದ ಬಾಗಿಲನ್ನೂ ಗದೆಯಿಂದ ಒಡೆದಳು. "ಬಾಗಿಲು ತೆಗೆದೇ ಇತ್ತಲ್ಲೇ!" ಅಂತ ಅಮ್ಮ ಕೂಗಿದರೆ, "ಇರ್ಲಿ ಬಿಡಮ್ಮ," ಅಂದಳು. ಮಲಗಿದ್ದ ರಾಕ್ಷಸನನ್ನು ತಟ್ಟಿ ಎಬ್ಬಿಸಿ ಹೊಡೆದಳು. ದಾಳ ಉರುಳಿದಾಗೆಲ್ಲ ಅವಳ ಕಿರುಚಾಟಕ್ಕೆ ಕಿಟಕಿಯ ಗಾಜು ನಡುಗಿತು. ರಾಕ್ಷಸನೂ ಬಿಡಲಿಲ್ಲ. ಅವಳ ಮುಂದಿನ ರಾಶಿ ಕರಗಿ ಒಂದೇ ಒಂದು ಗುಂಡಿ ಉಳಿಯಿತು.

ಅಭ್ಯಾಸಬಲ ನೋಡಿ, ಅಂಥ ಹೊತ್ತಿನಲ್ಲೂ ಅವಳ ಕೈ ಗಂಡನ ಗುಂಡಿಗಳ ಕಡೆಗೇ ಹೋಯಿತು. "ರೀ, ನಿಮ್ದೆಷ್ಟು ಉಳೀತು?"

"ನಂದು ಬಿಡು. ನಿಂದು ಒಂದೇ ಇದೆ," ಅಂದರು ಭಾವ. ಮೇಜಿನಡಿಯಲ್ಲಿ ಅವರ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತ್ತು. "ಮುಂದಿನ ಏಟು ನಂಗೆ. ನಾನು ಅಡ್ಡ ನಿಂತಿದ್ದೀನಿ."

"ಹೊಡಿ ಅಂದ್ರೆ ಹೀಗಾ ಹೊಡಿಯೋದು, ಮೈಮೇಲೆ ಎಚ್ಚರ ಬೇಡ್ವಾ?" ಅಂತ ಬೈಯುತ್ತಲೇ ಅಮ್ಮ ತನ್ನ ರಾಶಿಯಲ್ಲಿ ಅರ್ಧವನ್ನು ಮಗಳ ಮುಂದಕ್ಕೆ ತಳ್ಳಿದಳು. ಮಾವ ದಾಳ ಹಾಕಿ, ಎಲ್ಲರೂ ಅಮ್ಮನನ್ನೇ ನೋಡುತ್ತಿದ್ದಾಗ, ರಾಕ್ಷಸನ ರಾಶಿಯ ದೊಡ್ಡ ನೀಲಿ ಗುಂಡಿಯನ್ನು ಅಕ್ಕನ ಮುಂದೆ ತಂದಿಟ್ಟು ಕನ್ನಡಕ ಒರೆಸುತ್ತಾ ಕೂತಿದ್ದರು.

ಅಕ್ಕ ಗುಂಡಿಗಳನ್ನು ಅಮ್ಮನ ಕಡೆಗೆ ವಾಪಸು ತಳ್ಳಿದಳು. "ಬೇಡಮ್ಮ, ನಿಂಗೆ ಬೇಕಾಗುತ್ತೆ."

"ವಾಪಸ್ ಕೊಡೋ ಹಾಗಿಲ್ಲ," ಅಂದಳು ಡಬ್ಬಿ. "ರೂಲ್ಸು."

"ಯಾವಾಗ ಮಾಡ್ದೆ ಆ ರೂಲ್ಸು?"

"ಈಗ."

ಅಕ್ಕ ಗುಂಡಿಗಳನ್ನು ಅಂಗೈಯಲ್ಲಿ ತೆಗೆದುಕೊಂಡು ನೋಡುತ್ತಾ ಕೂತಳು. ನೋಡನೋಡುತ್ತಲೇ ಅವಳ ಕಣ್ಣು ತುಂಬಿ ಹರಿಯಿತು. ಈ ಮನೆಯಲ್ಲಿ ಅಳುವವರನ್ನು ಸಮಾಧಾನ ಮಾಡುವುದು ಅಕ್ಕನ ಕೆಲಸ. ಅಕ್ಕನೇ ಅತ್ತರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಡಬ್ಬಿಯೇ ಎದ್ದು ಹೋಗಿ, ಪಟ್ಟಿ ಕಟ್ಟಿದ ಹೆಬ್ಬೆರಳಿನಿಂದ ಅವಳ ಕೆನ್ನೆ ಒರೆಸಿದಳು.

"ತೆಗಿಯೇ ಕೈ, ಪಟ್ಟಿ ಒದ್ದೆಯಾಗುತ್ತೆ," ಅಂದಳು ಅಕ್ಕ, ಮೂಗೇರಿಸುತ್ತಾ.

"ಆಗ್ಲಿ," ಅಂದಳು ಡಬ್ಬಿ. ಒರೆಸುವುದನ್ನು ನಿಲ್ಲಿಸಲಿಲ್ಲ.

ಅಕ್ಕ ಮುಖ ಹಿಂದೆಳೆದುಕೊಳ್ಳಲಿಲ್ಲ. ಪೂರ್ತಿ ಒರೆಸಿ ಮುಗಿಯುವ ತನಕ ಹಾಗೇ ಕೂತಿದ್ದಳು. ಆಮೇಲೆ ಗುಂಡಿಗಳನ್ನು ಒಂದೂ ಬಿಡದೆ ತನ್ನ ಮುಂದೆ ಜೋಡಿಸಿಕೊಂಡು, "ಎಲ್ಲಿ ಆ ರಾಕ್ಷಸ? ದಾಳ ಕೊಡಿ ಇಲ್ಲಿ," ಅಂದಳು. ಬೇರೆಯವರದು ಎಷ್ಟು ಉಳಿದಿದೆ ಅಂತ ಈ ಸಲ ಕೇಳಲಿಲ್ಲ.