ಏಳು ಹೆಜ್ಜೆ

ಬೀದಿಯವರೆಲ್ಲ ಕತ್ತರಿಯಣ್ಣ ಎಂದು ಕರೆಯುತ್ತಿದ್ದ ಆ ಮುದುಕ ನಲವತ್ತು ವರ್ಷ ಒಂದೇ ಕ್ಷೌರದಂಗಡಿಯಲ್ಲಿ, ಒಂದೇ ಕುರ್ಚಿಯ ಹಿಂದೆ ನಿಂತವನು. ಬಲಗಾಲಿನ ಮೇಲೆ ಭಾರ ಹಾಕಿ, ಸೊಂಟ ಓರೆ ಮಾಡಿ, ಗಿರಾಕಿಯ ಕಿವಿಯ ಹಿಂದೆ ಬಗ್ಗಿ ಕತ್ತರಿ ಆಡಿಸುವುದು ಅವನ ರೂಢಿ. ಕೈಗಿಂತ ಅವನ ಬಾಯಿ ಚುರುಕು ಎಂಬ ಹೆಸರಿತ್ತು. ಹೆಂಡತಿ ತೀರಿಕೊಂಡ ಮೇಲೆ ಆ ಬಾಯಿ ಸುಮ್ಮನಾಯಿತು. ವರ್ಷ ತುಂಬುವ ಹೊತ್ತಿಗೆ ಸೊಂಟ ಮಾತಾಡಲು ಶುರುಮಾಡಿತು.

ಒಂದು ಬೆಳಿಗ್ಗೆ ಅವನು ಟವೆಲ್ ತರಲು ಕುರ್ಚಿಯಿಂದ ಕಪಾಟಿನವರೆಗೆ ಹೋದ. ಏಳೇ ಹೆಜ್ಜೆಯ ದಾರಿ. ಬಲಗಾಲು ಊರಿದಾಗ ಸೊಂಟದ ಕೆಳಗೆ ಸಲಾಕೆ ಚುಚ್ಚಿದಂತಾಗಿ, ಆ ಕಾಲನ್ನು ಎಳೆದುಕೊಂಡು, ಒಂದು ಪಕ್ಕಕ್ಕೆ ವಾಲಿಕೊಂಡು ನಡೆದ. ಬೆಂಚಿನ ಮೇಲೆ ಕಾಯುತ್ತಿದ್ದ ನಿವೃತ್ತ ಪೋಸ್ಟ್‌ಮನ್, ಅವನ ಹಳೆಯ ಸ್ನೇಹಿತ, ಪೇಪರ್ ಇಳಿಸಿ ನೋಡಿದವನೇ ಘೊಳ್ಳೆಂದು ನಕ್ಕ.

"ಎಷ್ಟು ವರ್ಷ ಆಯ್ತೋ ಇದನ್ನ ನೋಡಿ. ಅತ್ತಿಗೆ ನಡಿಗೆ. ಇನ್ನೊಂದ್ಸಲ ಮಾಡು ಮಾರಾಯ, ಇವರೂ ನೋಡ್ಲಿ."

ಪಕ್ಕದಲ್ಲಿ ಕೂತಿದ್ದ ಇಬ್ಬರೂ ನಗಲು ಬಾಯಿ ತೆರೆದರು. ಇದು ಆಟವಲ್ಲ ಎಂದು ಹೇಳಬೇಕಿತ್ತು. ಆದರೆ ಕತ್ತರಿಯಣ್ಣ ತಾನೂ ಹಲ್ಲು ಕಿರಿದ. ಆಟ ಮುಗಿಸಿದವನಂತೆ ತಲೆ ಬಾಗಿಸಿ, ಟವೆಲ್ ಕೊಡವಿದ. ಒಳಗೆ ಮೈ ಹಿಡಿಯಷ್ಟಾಗಿತ್ತು.

ಒಂದು ಕಾಲಕ್ಕೆ ಅದು ಆಟವೇ. ಮಗಳು ಹುಟ್ಟಿದ ಮೇಲೆ ಹೆಂಡತಿಗೆ ಸೊಂಟದ ಕೆಳಗೆ ಒಂದು ನೋವು ಬಂದು ಕೂತಿತು. ಮಂಚದಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಅವಳು ತುಟಿ ಕಚ್ಚುತ್ತಿದ್ದಳು. ಏಳೆಂಟು ವರ್ಷ ಕಳೆದ ಮೇಲೆ ಎಕ್ಸ್‌ರೇ ತೆಗೆಸಿದರೆ ಏನೂ ಕಾಣಲಿಲ್ಲ. ಕಾಣದ ಮೇಲೆ ಇಲ್ಲವೇ ಇಲ್ಲ ಎಂದು ಅವನು ತೀರ್ಮಾನಿಸಿಬಿಟ್ಟ. ಆಸ್ಪತ್ರೆಯವರು ಒಂದು ಬೆಲ್ಟ್ ಕೊಟ್ಟು, ಕೆಲವು ವ್ಯಾಯಾಮ ಹೇಳಿ, ಅವಳು ಹೊರಕ್ಕೆ ತಳ್ಳುವಾಗ ಗಂಡ ದಿನಕ್ಕೆ ಹತ್ತು ನಿಮಿಷ ಅವಳ ಮಂಡಿ ಹಿಡಿದುಕೊಳ್ಳಲಿ ಎಂದಿದ್ದರು. ಇಡೀ ದಿನ ನಿಂತು ಬಂದವನಿಗೆ ನಿನ್ನ ಮಂಡಿ ಹಿಡಿಯುವ ಕೆಲಸ ಬೇರೆಯಾ ಎಂದು ಅವನು ಮಗ್ಗುಲಾಗಿದ್ದ. ಅಂಗಡಿಯಲ್ಲಿ ಮಾತ್ರ ಅವಳ ಬೆಲ್ಟನ್ನೂ ನಡಿಗೆಯನ್ನೂ ಆಡಿ ತೋರಿಸಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ.

ಒಮ್ಮೆ ಹಾಗೆ ನಡೆಯುತ್ತಿದ್ದಾಗ ಕನ್ನಡಿಯಲ್ಲಿ ಅವಳು ಕಂಡಳು. ಎದುರುಬದುರು ಎರಡು ಕನ್ನಡಿಗಳಿದ್ದ ಅಂಗಡಿ ಅದು. ಕುಂಟುವ ಅವನು ಸಾಲುಸಾಲಾಗಿ ಇದ್ದ, ಬಾಗಿಲಲ್ಲಿ ಊಟದ ಡಬ್ಬಿ ಹಿಡಿದ ಅವಳೂ ಸಾಲುಸಾಲಾಗಿ ಇದ್ದಳು. ಅವಳು ಡಬ್ಬಿ ಇಟ್ಟು, ಬಿಸಿ ಆರುವ ಮುಂಚೆ ಊಟ ಮಾಡಿ ಎಂದಳು. ಹಿಂತಿರುಗುವಾಗ ಬೀದಿಯ ತಿರುವಿನವರೆಗೂ ನೆಟ್ಟಗೆ ನಡೆದಳು. ಆ ನೆಟ್ಟಗಿನ ನಡಿಗೆಗೆ ಅವಳು ಎಷ್ಟು ತೆತ್ತಿರಬೇಕು ಎಂಬುದು ಅವನಿಗೆ ಈಗ ಗೊತ್ತಾಗುತ್ತಿತ್ತು.

ಅವನು ಆಸ್ಪತ್ರೆಗೆ ಹೋದ. ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ ಎಂದರು ಡಾಕ್ಟರಮ್ಮ. ಬೆನ್ನಿನ ಬುಡದಲ್ಲಿ, ಬಲಕ್ಕೆ, ಸಣ್ಣ ಗುಳಿಯ ಮೇಲೆ ಅವನು ಬೆರಳಿಟ್ಟ. ಹೆಂಡತಿ ಬೆರಳಿಡುತ್ತಿದ್ದದ್ದೂ ಅಲ್ಲೇ. ಡಾಕ್ಟರಮ್ಮ ಕಾಲನ್ನು ಮಡಿಸಿ, ಒತ್ತಿ, ತಿರುಗಿಸಿ ನೋಡಿದರು. ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಕೂಡುವ ಕೀಲು ಅದು, ಎಷ್ಟೋ ಸಲ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಆದರೂ ನೋವು ನಿಜವೇ ಎಂದರು. ಮೊದಲು ಬೆಲ್ಟು, ವ್ಯಾಯಾಮ. ಅದಕ್ಕೆ ಬಗ್ಗದಿದ್ದರೆ ಕೀಲಿಗೆ ಸೂಜಿ. ತಿಂಗಳುಗಟ್ಟಲೆ ಮಾಡಿಯೂ ಜಗ್ಗದಿದ್ದರೆ ಮಾತ್ರ ಸ್ಕ್ರೂ ಹಾಕಿ ಕೀಲನ್ನು ಬಿಗಿಯುವ ಆಪರೇಷನ್.

ಅವನು ಆಪರೇಷನ್ನನ್ನೇ ಮಾಡಿಬಿಡಿ ಎಂದ.

ಅಷ್ಟೇನು ಅವಸರ ಎಂದು ಕೇಳಿದರು. ಆಪರೇಷನ್ ಆದರೂ ವಾರಗಟ್ಟಲೆ ಊರುಗೋಲು ತಪ್ಪದು, ನೋವು ಪೂರ್ತಿ ಹೋಗುತ್ತದೆಂಬ ಖಾತ್ರಿಯೂ ಇಲ್ಲ ಎಂದರು.

"ನೋವು ಇದ್ರೆ ಇರ್ಲಿ ಡಾಕ್ಟ್ರೇ. ಈ ನಡಿಗೆ ಹೋದ್ರೆ ಸಾಕು."

ಡಾಕ್ಟರಮ್ಮನಿಗೆ ಅದು ಅರ್ಥವಾಗಲಿಲ್ಲ. ನಾಲ್ಕು ತಿಂಗಳು ಪ್ರಾಮಾಣಿಕವಾಗಿ ವ್ಯಾಯಾಮ ಮಾಡಿ ಬನ್ನಿ, ಆಮೇಲೆ ನೋಡೋಣ, ಮನೆಯಲ್ಲಿ ಮಂಡಿ ಹಿಡಿಯಲು ಯಾರಾದರೂ ಇರಲಿ ಎಂದು ಹೇಳಿ ಒಂದು ಬೆಲ್ಟನ್ನೂ ವ್ಯಾಯಾಮದ ಹಾಳೆಯನ್ನೂ ಕೊಟ್ಟರು.

ಸಂಜೆ ಬೇಕರಿ ಕೆಲಸ ಮುಗಿಸಿ ಮಗಳು ಬಂದಳು. ಹಾಳೆಯನ್ನು ಕೈಗೆ ಕೊಟ್ಟರೆ ಬಿಡಿಸಿಯೂ ನೋಡಲಿಲ್ಲ. ಅಪ್ಪನನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ, ಎರಡೂ ಮಂಡಿಯ ಹೊರಬದಿಗೆ ಅಂಗೈ ಇಟ್ಟು, "ಹೊರಕ್ಕೆ ತಳ್ಳಿ, ನಾನು ಬಿಡಲ್ಲ," ಎಂದು ಎಣಿಸತೊಡಗಿದಳು. ನುರಿತ ಕೈ. ಹತ್ತಾದ ಮೇಲೆ ಅವನು, ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿದ.

"ಯಾರಾದ್ರೂ ಹಿಡ್ಕೋಬೇಕಿತ್ತಲ್ಲಪ್ಪಾ," ಎಂದಳು. ಆ ಮಾತಿನಲ್ಲಿ ಮೊನೆಯಿರಲಿಲ್ಲ. "ಆಗ ನಂಗೆ ಎಂಟು ವರ್ಷ. ಜೋರಾಗಿ ತಳ್ಳಿದ್ರೆ ನಾನು ಬಿದ್ದುಹೋಗ್ತೀನಿ ಅಂತ ಅಮ್ಮ ಒಂದಿನಾನೂ ಪೂರ್ತಿ ತಳ್ಳಲಿಲ್ಲ."

ಅವನು ತಳ್ಳುವುದನ್ನು ನಿಲ್ಲಿಸಿದ. ತಳ್ಳಿ ಅಪ್ಪಾ ಎಂದಳು ಮಗಳು. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ತಳ್ಳಿದ.

ಅವಳು ಹೋದ ಮೇಲೆ ದೇವರ ಮುಂದೆ ಕೂತ. ಚಕ್ಕಳಮಕ್ಕಳ ಹಾಕಲಾಗದೆ ಕಾಲು ಚಾಚಿಯೇ ಕೂತ. ಕ್ಷಮಿಸು ಎನ್ನಲು ಹೋಗಿ, ಇದನ್ನು ಇಲ್ಲಿ ಕೇಳುವುದಲ್ಲ ಎನಿಸಿ ನಿಲ್ಲಿಸಿದ. ದೇವರ ಮುಂದೆ ಅವನು ಎಂದೂ ಆ ನಡಿಗೆ ನಡೆದು ತೋರಿಸಿರಲಿಲ್ಲ. ದೇವರೇನೂ ನಕ್ಕಿರಲಿಲ್ಲ. ನಕ್ಕವರು ಬೆಂಚಿನ ಮೇಲಿದ್ದರು.

ಮರುದಿನ ಅವನು ಬೆಲ್ಟನ್ನು ಅಂಗಿಯ ಮೇಲೆಯೇ, ಎಲ್ಲರಿಗೂ ಕಾಣುವಂತೆ ಬಿಗಿದುಕೊಂಡು ಅಂಗಡಿ ತೆರೆದ. ಪೋಸ್ಟ್‌ಮನ್ ಬಂದು ಕುರ್ಚಿಯಲ್ಲಿ ಕೂತ. ಬೆಲ್ಟು ನೋಡಿ, ಓಹೋ, ಇವತ್ತು ವೇಷಭೂಷಣ ಸಮೇತನಾ ಎಂದು ಕಿಚಾಯಿಸಿದ. ಬೆಂಚಿನವರು ಆಗಲೇ ನಗೆ ತುಂಬಿಕೊಂಡು ಕೂತಿದ್ದರು.

ಕತ್ತರಿಯಣ್ಣ ಕತ್ತರಿ ಕೆಳಗಿಟ್ಟ.

"ಇದು ಆಟ ಅಲ್ಲ ಕಣೋ. ನೋವು. ಅವಳದ್ದೂ ನೋವೇ ಆಗಿತ್ತು. ಅದನ್ನಿಟ್ಕೊಂಡು ನಿಮ್ಮನ್ನೆಲ್ಲ ನಗಿಸ್ದೆ. ಒಂದ್ಸಲ ಅವಳೂ ಬಾಗಿಲಲ್ಲಿ ನಿಂತು ನೋಡಿದ್ಳು."

ಪೋಸ್ಟ್‌ಮನ್ ಕನ್ನಡಿಯಲ್ಲಿ ಅವನನ್ನು ನೋಡಿದ. ತಗ್ಗಿದ ದನಿಯಲ್ಲಿ, ನಕ್ಕವರು ನಾವೇ ತಾನೆ ಎಂದ. ಟವೆಲ್ ತಾನೇ ತರುತ್ತೇನೆಂದು ಏಳಲು ಹೋದ. ಕತ್ತರಿಯಣ್ಣ ಅವನ ಭುಜ ಒತ್ತಿ ಕೂರಿಸಿ, ಕಪಾಟಿನ ಕಡೆಗೆ ತಾನೇ ಹೊರಟ. ಏಳು ಹೆಜ್ಜೆ ಹೋಗುವಾಗ, ಏಳು ಬರುವಾಗ. ನೆಟ್ಟಗೆ ನಡೆಯಲು ಹೋಗಲಿಲ್ಲ. ನೋವು ಹೇಗೆ ನಡೆಸಿತೋ ಹಾಗೆ ನಡೆದ. ಕನ್ನಡಿಗಳಲ್ಲಿ ಆ ನಡಿಗೆ ಸಾಲುಸಾಲಾಗಿ ಹೋಗಿ ಬಂತು. ಬಾಗಿಲಿನ ಕಡೆಗೆ ನೋಡುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.

ಗೆಳೆಯನ ಕೊರಳಿಗೆ ಟವೆಲ್ ಸುತ್ತಿದಾಗ ಗಂಟು ನಿಲ್ಲಲಿಲ್ಲ. ಪೋಸ್ಟ್‌ಮನ್ ಕೈಯೆತ್ತಿ, ಟವೆಲ್ಲಿನ ಒಂದು ತುದಿಯನ್ನು ಹಿಡಿದುಕೊಂಡ.