ಎಂಬತ್ತು ಗ್ರೇನ್

ಬಾಗಿಲಲ್ಲಿ ನಿಂತ ಜವಾನ ಪಾಲಯ್ಯ ಎರಡು ಸಲ ಕೆಮ್ಮಿದರೂ ಶಾಂತಕುಮಾರಿ ತಿರುಗಲಿಲ್ಲ. ಕರಿಹಲಗೆಯ ಮೇಲೆ ಜೀವಕೋಶದ ಚಿತ್ರ ಅರ್ಧಕ್ಕೆ ಬಂದಿತ್ತು. ಕೋಶದ ಸುತ್ತಲಿನ ಪೊರೆ ಗೋಡೆಯಲ್ಲ, ನೀರು ಅದರ ಮೂಲಕ ಹೋಗಿಬಂದು ಮಾಡುತ್ತದೆ. ಉಪ್ಪು ಯಾವ ಕಡೆ ಹೆಚ್ಚೋ ನೀರಿನ ಓಟ ಆ ಕಡೆಗೆ ಎಂದು ಹೇಳುತ್ತ ಅವಳು ಬಾಣದ ಗುರುತುಗಳನ್ನು ಎಳೆಯುತ್ತಿದ್ದಳು. ಶನಿವಾರದ ಕೊನೆಯ ತರಗತಿ. ಪಿ.ಯು.ಸಿ. ವಿದ್ಯಾರ್ಥಿಗಳು ಆಗಲೇ ಪುಸ್ತಕ ಮಡಚತೊಡಗಿದ್ದರು.

ಮೂರನೆಯ ಸಲ ಪಾಲಯ್ಯ ಕೆಮ್ಮಲಿಲ್ಲ. "ಮೇಡಮ್ಮಾರೆ, ಹರಿಹರದಿಂದ ನಿಮ್ಮಣ್ಣಾರು ಬಂದಾರೆ. ಪ್ರಯೋಗಾಲಯದಾಗ ಕೂಡ್ರಿಸೀನಿ," ಎಂದ.

ದಾವಣಗೆರೆಯ ಈ ಕಾಲೇಜಿನಲ್ಲಿ ಅವಳು ಡೆಮಾನ್‌ಸ್ಟ್ರೇಟರ್ ಆಗಿ ಮೂರು ವರ್ಷವಾಗಿತ್ತು. ಒಂದು ದಿನವೂ ಅಣ್ಣ ಇತ್ತ ತಲೆ ಹಾಕಿದವನಲ್ಲ. ಅವಳು ಚಿತ್ರವನ್ನು ಹಾಗೆಯೇ ಬಿಟ್ಟು ಕೈಯ ಸುಣ್ಣದ ಪುಡಿ ಒರೆಸಿಕೊಳ್ಳುತ್ತ ಹೊರಬಂದಳು.

ಕೊಟ್ಟೂರಪ್ಪ ಹರಿಹರದ ಒಂದು ಖಾಸಗಿ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಾಂಪೌಂಡರ್. ಅಪ್ಪ ತೀರಿಕೊಂಡಾಗ ಶಾಂತಕುಮಾರಿಗೆ ನಾಲ್ಕು ವರ್ಷ. ಅಣ್ಣನೇ ಅವಳನ್ನು ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು, ಔಷಧಿ ಬಾಟಲಿಗಳ ಚೀಟಿಯ ಮೇಲೆ ಬೆರಳಿಟ್ಟು ಅಕ್ಷರ ಕಲಿಸಿದ. ಇಂಗ್ಲಿಷಿನಲ್ಲಿ ಅವಳು ಮೊದಲು ಕೂಡಿಸಿ ಓದಿದ ಪದ 'ಪಾಯ್ಸನ್'. ಓದಿದ ಖುಷಿಗೆ ಅಣ್ಣ ಅವಳನ್ನು ಹೆಗಲ ಮೇಲೆ ಹೊತ್ತು ಹೊಳೆಯವರೆಗೆ ಹೋಗಿಬಂದಿದ್ದ.

ಈಗ ಅವನು ಬೆಂಚಿನ ತುದಿಯಲ್ಲಿ ಕೂತಿದ್ದ. ಮೂರು ದಿನದ ಗಡ್ಡ. ತೊಡೆಯ ಮೇಲೊಂದು ಕೈಚೀಲ.

"ಮನ್ಯಾಗ ಎಲ್ಲಾರೂ ಹುಷಾರಾಗಿ ಅದಾರಾ ಅಣ್ಣಾ?"

"ಅದಾರೆ. ಬಾಗ್ಲು ಮುಂದಕ್ಕ ಮಾಡು."

ಚೀಲದಿಂದ ಅವನು ಟವೆಲಿನಲ್ಲಿ ಸುತ್ತಿದ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅರ್ಧ ಖಾಲಿಯಾಗಿತ್ತು. ಒಳಗಿದ್ದದ್ದು ನೀರಿನಂತೆ ತಿಳಿಯಾಗಿತ್ತು.

"ಇದ್ರಾಗ ಉಪ್ಪು ಐತೋ ಇಲ್ಲೋ, ನೋಡಿ ಹೇಳು."

ಹರಿಹರದಲ್ಲಿ ವಾಂತಿಭೇದಿ ಹೊಕ್ಕು ಹದಿನೈದು ದಿನವಾಗಿತ್ತು. ನಾಲ್ಕು ಮಂಚದ ದವಾಖಾನೆಯಲ್ಲಿ ಚಾಪೆ ಹಾಸಿ ಹದಿನಾಲ್ಕು ಜನರನ್ನು ಮಲಗಿಸಿದ್ದರು. ನರಕ್ಕೆ ಏರಿಸುವ ಉಪ್ಪುನೀರು ಬೆಂಗಳೂರಿನಿಂದ ಬರುವುದು ನಿಂತುಹೋದ ಮೇಲೆ ಕೊಟ್ಟೂರಪ್ಪ ತಾನೇ ತಯಾರಿಸತೊಡಗಿದ. ಭಟ್ಟಿ ಇಳಿಸಿದ ನೀರು, ಪೈಂಟಿಗೆ, ಎಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚಿಗೆ, ಎಂಬತ್ತು ಗ್ರೇನ್ ಉಪ್ಪು, ಸಣ್ಣ ಚಮಚದಷ್ಟು. ಸೋಸಿ, ದಿನಕ್ಕೊಂದು ಹಂಡೆ ಕುದಿಸಿ, ಬಾಟಲಿಗೆ ತುಂಬುವುದು. ಕೊಟ್ಟೂರಪ್ಪನ ಕೈಯೇ ತಕ್ಕಡಿ ಎಂದು ಡಾಕ್ಟರು ಹತ್ತು ಜನರೆದುರು ಹೇಳುತ್ತಿದ್ದರು. ಎರಡು ವಾರದಲ್ಲಿ ಎಷ್ಟೋ ಜನ ಆ ನೀರಿನಿಂದಲೇ ಎದ್ದು ಮನೆಗೆ ನಡೆದುಹೋಗಿದ್ದರು.

"ಬುಧವಾರ ಒಬ್ಬಾಕಿ ಬಂದ್ಲು," ಅವನು ಬಾಟಲಿಯನ್ನೇ ನೋಡುತ್ತ ಹೇಳಿದ. "ಅಂಜಿನವ್ವ ಅಂತ. ಹತ್ತಿ ಜಿನ್ನಿನಾಗ ಕೆಲ್ಸ ಮಾಡ್ತಾನಲ್ಲ ಸಣ್ಣಬೀರಪ್ಪ, ಅವನ ಹೇಣ್ತಿ. ಇಪ್ಪತ್ತೆರಡು ವರ್ಷ ಇರಬೋದು. ಕಣ್ಣು ಒಳಗೆ ಹೋಗಿದ್ವು, ಆದ್ರೆ ಮಾತಾಡ್ತಿದ್ಲು. ಬಾಟ್ಲಿ ಏರಿಸ್ದೆ. ಅರ್ಧಕ್ಕ ಬರೋದ್ರಾಗ ಗಡಗಡ ನಡುಗಾಕ ಹತ್ತಿದ್ಲು. ನಡಾ ಮುರೀತೈತಣ್ಣಾ ಅಂದ್ಲು. ನಾನು ಇನ್ನೊಂದು ಏರಿಸ್ದೆ."

"ಆಮ್ಯಾಲೆ?"

"ಸಂಜಿಗೆ ಒಂದೀಟು ಉಚ್ಚಿ ಹೋತು. ಚಾದ ಡಿಕಾಕ್ಷನ್ ಇರ್ತೈತಲ್ಲ, ಹಂಗೆ. ಕೆಂಪಗೆ, ಕಪ್ಪಗೆ. ಬೆಳಗಾಗೋದ್ರಾಗ ಹೋಗಿಬಿಟ್ಲು. ಶಾಂತೀ, ವಾಂತಿಭೇದಿಯಾಗ ಸಾಯೋರನ್ನ ನಾನು ಭಾಳ ನೋಡೀನಿ. ಇದು ಹಂಗಿರ್ಲಿಲ್ಲ."

ಪಕ್ಕದ ಚಾಪೆಯಲ್ಲಿದ್ದ ಹಾಲೇಶಪ್ಪನೆಂಬ ಮುದುಕನಿಗೂ ಅದೇ ಹಂಡೆಯ ನೀರು ಏರಿಸಿದ್ದರಂತೆ. ಅವನಿಗೂ ನಡುಕ ಬಂತು. ನಡುಗುವಾಗ ಸೂಜಿ ಕಳಚಿ ಬಿತ್ತು, ಮತ್ತೆ ಚುಚ್ಚಲು ಬಿಡುವಾಗಲಿಲ್ಲ. ಅರ್ಧ ಉಳಿದ ಈ ಬಾಟಲಿ ಅವನದೇ. ಇವತ್ತು ಗಂಜಿ ಕುಡಿಯುತ್ತಿದ್ದಾನೆ. ಮಂಗಳವಾರದ ಹಂಡೆಯ ನೀರು ಹೋದ ಐದು ಜನರಲ್ಲಿ ಒಬ್ಬರೂ ನಡುಗಲಿಲ್ಲ.

 ಕಂಡದ್ದನ್ನು ಬೇರೆ ಬೇರೆ ಇಟ್ಟು ನೋಡಬೇಕು, ಒಂದಕ್ಕೊಂದು ಹೋಲಿಸಬೇಕು, ಆಮೇಲೆ ಅನುಮಾನಪಡಬೇಕು ಎಂದು ಮೂರು ವರ್ಷದಿಂದ ಶಾಂತಕುಮಾರಿ ಹುಡುಗರಿಗೆ ಹೇಳುತ್ತ ಬಂದಿದ್ದಳು. ಅವರ ತಲೆಗೆ ಇಳಿಯದ್ದನ್ನು ಅಣ್ಣ ಯಾರೂ ಹೇಳಿಕೊಡದೆಯೇ ಮಾಡಿಕೊಂಡು ಬಂದಿದ್ದ.

"ಡಾಕ್ಟ್ರು ಏನಂತಾರೆ?"

"ಕಾಲರಾ ಅಂತ ಬರ್ದಾತು, ತಲಿ ಕೆಡಿಸ್ಕಬ್ಯಾಡ ಅಂದ್ರು. ಬುಧವಾರದ್ದು ಇನ್ನೆರಡು ಬಾಟ್ಲಿ ಅದಾವೆ. ಸಂಜಿಗೆ ಬೇಕು ಅಂತಾರೆ. ಬೀರುವಿಗೆ ಕೀಲಿ ಹಾಕ್ಕಂಡು ಬಂದೀನಿ."

"ನಾಲಿಗಿ ಮ್ಯಾಲೆ ಹಾಕ್ಕಂಡು ನೋಡ್ಲಿಲ್ಲೇನು?"

"ನೋಡ್ದೆ. ಒಂದ್ಸಲ ಐತೆ ಅಂತು. ಇನ್ನೊಂದ್ಸಲ ಇಲ್ಲ ಅಂತು." ಅವನು ನಗಲು ನೋಡಿದ, ಆಗಲಿಲ್ಲ. "ಹೊಗೆಸೊಪ್ಪು ತಿಂದು ಸತ್ತಿರೋ ನಾಲಿಗಿ. ಅದೂ ಅಲ್ದೆ, ಅದಕ್ಕ ಬೇಕಾದ್ದನ್ನ ಅದು ಹೇಳ್ತೈತೆ. ಅದಕ್ಕೇ ನಿನ್ನ ಹತ್ರ ಬಂದೆ. ನೀನು ಇದ್ದದ್ದು ಇದ್ದಂಗೆ ಹೇಳು."

ತನ್ನ ನಾಲಿಗೆಯನ್ನೂ ನಂಬುವುದು ಬೇಡವೆನಿಸಿತು ಅವಳಿಗೆ. ಕಣ್ಣನ್ನು ಕೂಡ. ಪಾಲಯ್ಯನನ್ನು ಕರೆದು, ಮೂರು ಸ್ಲೈಡು ಕೊಟ್ಟು, ಪಕ್ಕದ ಕೋಣೆಗೆ ಕಳಿಸಿದಳು. ಒಂದರ ಮೇಲೆ ಪ್ರಯೋಗಾಲಯದ ಉಪ್ಪುನೀರು, ಒಂದರ ಮೇಲೆ ಬರೀ ಭಟ್ಟಿ ನೀರು, ಒಂದರ ಮೇಲೆ ಅಣ್ಣನ ಬಾಟಲಿಯದು, ಒಂದೊಂದೇ ಹನಿ. ಯಾವುದು ಯಾವುದೆಂದು ಅವನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಕೇಳುವವರೆಗೆ ಬಾಯಿ ಬಿಡಬಾರದು.

ರಕ್ತಕ್ಕೆಂದು ಅವಳು ತನ್ನ ಬೆರಳು ಒರೆಸಿಕೊಳ್ಳುತ್ತಿದ್ದಾಗ ಕೊಟ್ಟೂರಪ್ಪ ಕೈ ಚಾಚಿದ.

"ನಂದೇ ತಗಾ."

ಸ್ಪಿರಿಟ್ಟಿನಲ್ಲಿ, ಕುದಿಯುವ ನೀರಿನಲ್ಲಿ ಸವೆದು ಗಟ್ಟಿಯಾದ ಬೆರಳು. ಎರಡು ಸಲ ಚುಚ್ಚಬೇಕಾಯಿತು. ಮೂರು ಹನಿಗೂ ರಕ್ತ ಮುಟ್ಟಿಸಿ, ಸೂಕ್ಷ್ಮದರ್ಶಕದ ಕನ್ನಡಿ ತಿರುಗಿಸಿ ಕಿಟಕಿಯ ಬೆಳಕು ಹಿಡಿದು, ಅವಳು ಮೊದಲ ಸ್ಲೈಡಿಗೆ ಕಣ್ಣಿಟ್ಟಳು.

ಕೆಂಪು ಕಣಗಳು ತುಂಬಿಕೊಂಡಿದ್ದವು. ಪುಟ್ಟ ಪುಟ್ಟ ತಟ್ಟೆಗಳಂತೆ, ದುಂಡಗೆ, ನಡುವೆ ಕೊಂಚ ತಗ್ಗಾಗಿ, ಮೆಲ್ಲಗೆ ತೇಲುತ್ತಿದ್ದವು. ಎರಡನೆಯ ಸ್ಲೈಡಿನಲ್ಲಿ ಏನೂ ಇರಲಿಲ್ಲ. ನೀರು ಒಳನುಗ್ಗಿ, ಕಣಗಳು ಉಬ್ಬಿ ಒಡೆದು, ಅವುಗಳ ಬಣ್ಣವೆಲ್ಲ ನೀರಿಗೆ ಇಳಿದಿತ್ತು. ಹುಡುಕಿದರೆ ಅಲ್ಲೊಂದು ಇಲ್ಲೊಂದು ಮಸುಕು ಉಂಗುರ, ಇದೆಯೋ ಇಲ್ಲವೋ ಎಂಬಂತೆ.

ಇನ್ನು ಮೂರನೆಯದು. ಅದು ಮೊದಲೆರಡರಲ್ಲಿ ಯಾವುದಕ್ಕೆ ಜೋಡಿಯಾಗುತ್ತದೋ ಆ ಜೋಡಿಯಲ್ಲಿ ಅಣ್ಣನದು ಇರಲೇಬೇಕು: ಕಣಗಳಿದ್ದರೆ ಅಣ್ಣ ಉಪ್ಪು ಹಾಕಿದ್ದಾನೆ, ಇಲ್ಲದಿದ್ದರೆ ಹಾಕಿಲ್ಲ. ಚೀಟಿ ಬಿಚ್ಚಬೇಕಾಗಿಯೂ ಇರಲಿಲ್ಲ. ಶಾಂತಕುಮಾರಿ ಸ್ಲೈಡನ್ನು ಸರಿಸಿ ತಿರುಪು ತಿರುಗಿಸಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

ಸುಳ್ಳು ಹೇಳಬಹುದಿತ್ತು. ನೀನು ಉಪ್ಪು ಸರಿಯಾಗಿಯೇ ಹಾಕೀಯ ಅಣ್ಣಾ, ಅವಳ ಆಯುಷ್ಯವೇ ಅಷ್ಟಿತ್ತು ಎಂದರೆ ಅವನು ನಂಬುತ್ತಿದ್ದ. ನಂಬಲೆಂದೇ ಹದಿನಾಲ್ಕು ಕಿಲೋಮೀಟರು ಬಂದಿದ್ದನೋ ಏನೋ. ಊರಿಗೆ ಹೋಗಿ, ಸ್ನಾನ ಮಾಡಿ, ಉಂಡು, ಸಂಜೆಗೆ ಬೀರುವಿನ ಕೀಲಿ ತೆಗೆಯುತ್ತಿದ್ದ.

ಅವಳು ಹೊಸ ಸ್ಲೈಡುಗಳನ್ನು ತರಿಸಿ ಇನ್ನೊಮ್ಮೆ ಮಾಡಿದಳು. ಎರಡನೆಯ ಸಲವೂ ಮೂರರಲ್ಲಿ ಎರಡು ಖಾಲಿ.

"ನನಗೂ ತೋರ್ಸು," ಎಂದ ಕೊಟ್ಟೂರಪ್ಪ.

ಅವಳು ಎದ್ದು ಜಾಗ ಬಿಟ್ಟುಕೊಟ್ಟಳು. ಅವನು ಒಂದು ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ನೋಡಿದ.

"ಏನೂ ಕಾಣ್ತಿಲ್ಲಲ್ಲೇ."

"ಅದೇ ಅಣ್ಣಾ," ಎಂದಳು ಶಾಂತಕುಮಾರಿ. "ಏನೂ ಇಲ್ಲ."

ಅವನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಪಾಲಯ್ಯ ಚೀಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಯಾರೂ ಕೇಳದ್ದರಿಂದ ಹಾಗೇ ಹಿಂದಕ್ಕೆ ಸರಿದ.

ಹರಿಹರದ ರೈಲಿನಲ್ಲಿ ಅಣ್ಣತಂಗಿ ಎದುರುಬದುರು ಕೂತರು.  ಅರ್ಧ ದಾರಿಯಲ್ಲಿ ಅವನು ತಾನಾಗಿ ಹೇಳಿದ: "ತೂಗಿದ್ದು ನೆನಪೈತೆ. ತೂಗಿ ಕಾಗದದ ಮ್ಯಾಲೆ ಇಟ್ಟಿದ್ದೆ. ಅಷ್ಟ್ರಾಗ ಯಾರೋ ವಾಂತಿ ಮಾಡ್ಕಂಡ್ರು, ಒರೆಸಾಕ ಹೋದೆ. ಬಂದು ಒಲಿ ಹಚ್ಚಿದೆ." "ಮೂರು ದಿನ ಮಲಗಿರ್ಲಿಲ್ಲ," ಎಂದ. ಅದನ್ನು ಹೇಳಬಾರದಿತ್ತೆಂಬಂತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ದವಾಖಾನೆಯ ಮುಂದೆ ಅವಳು ಬೀದಿಯಲ್ಲೇ ನಿಂತಳು. ಒಳಗೆ ಡಾಕ್ಟರ ದನಿ ಮೊದಲು ತಗ್ಗಿನಲ್ಲಿತ್ತು, ಆಮೇಲೆ ಏರಿತು. "ಸಣ್ಣಬೀರಪ್ಪನ ಮನೀಗೆ ಹೋಗಿ ಇದನ್ನ ಹೇಳಿದ್ರೆ ಮತ್ತೆ ಈ ಹೊಸ್ತಿಲು ತುಳೀಬ್ಯಾಡ." ಕೊಟ್ಟೂರಪ್ಪ ಎರಡು ಬಾಟಲಿಗಳನ್ನು ತಂದು ಮೋರಿಗೆ ಬಗ್ಗಿಸಿದ. ಮತ್ತೆ ಒಳಹೋಗಿ ಬರಿಗೈಯಲ್ಲಿ ಬಂದ. ದವಾಖಾನೆಯ ಕೀಲಿ ಗೊಂಚಲು ಈಗ ಸೊಂಟದಲ್ಲಿರಲಿಲ್ಲ.

"ನೀನು ಮನೀಗೆ ಹೋಗು," ಎಂದ.

"ನಾನೂ ಬರ್ತೀನಿ."

ಸಣ್ಣಬೀರಪ್ಪನ ಮನೆ ರೈಲ್ವೆ ಗೇಟಿನ ಆಚೆಗಿತ್ತು. ಮೂವತ್ತು ದಾಟದ ಆ ಮನುಷ್ಯ ಅಂಗಳದಲ್ಲಿ ಹಗ್ಗದ ಮಂಚವನ್ನು ಬಿಗಿಯುತ್ತ ಕೂತಿದ್ದ. ಇವರನ್ನು ಕಂಡು ಎದ್ದು ನಿಂತ. ಕೊಟ್ಟೂರಪ್ಪ ಕೂರಲಿಲ್ಲ, ಸುತ್ತಿ ಬಳಸಲೂ ಇಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದ. ನೀರಿಗೆ ಉಪ್ಪು ಹಾಕಬೇಕಿತ್ತು, ನಾನು ಮರೆತೆ, ಅದರಿಂದ ರಕ್ತ ಒಡೆದುಹೋಯಿತು ಎಂದ. ಅವನ ದನಿ ಬಾಟಲಿಯ ಚೀಟಿ ಓದುವವನ ದನಿಯಂತೆ ಸಮನಾಗಿತ್ತು. 

ಸಣ್ಣಬೀರಪ್ಪನ ಕೈಯಲ್ಲಿ ಹಗ್ಗದ ತುದಿ ಇನ್ನೂ ಇತ್ತು.

"ಉಪ್ಪು ಅಂದ್ರೆ... ನಾವು ಉಣ್ಣೋ ಉಪ್ಪಾ?"

"ಹೂಂ. ಅದೇ."

"ನಮ್ಮನ್ಯಾಗ ಇತ್ತಲ್ರೀ," ಎಂದ ಅವನು. "ಕೇಳಿದ್ರೆ ತಂದುಕೊಡ್ತಿದ್ದೆ."

 

ಮಾತು ಕೇಳಿ ಒಳಗಿನಿಂದ ಒಬ್ಬ ಮುದುಕಿ ಬಂದಳು. ಸತ್ತವಳ ತಾಯಿ ಮರಿಯವ್ವ. ಮಾಯಕೊಂಡದ ಕಡೆಯಿಂದ ಮಗಳ ಮಣ್ಣಿಗೆ ಬಂದವಳು ಇನ್ನೂ ಹೋಗಿರಲಿಲ್ಲ. "ಯಾರಪ್ಪಾ? ಏನಂತೆ?"

"ಏನಿಲ್ಲ ಅತ್ತೀ," ಸಣ್ಣಬೀರಪ್ಪ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತ ಅಂದ. "ದವಾಖಾನಿಯೋರು. ನೋಡಿ ಹೋಗಾಕ ಬಂದಾರೆ."

"ನೀವೇನ್ರೀ ಆ ಕಾಂಪೌಂಡ್ರು? ನನ್ನ ಮಗಳಿಗೆ ರಾತ್ರೆಲ್ಲಾ ಕುಂತು ನೀರು ಏರಿಸಿದ್ರಂತೆ. ನಿಮ್ಮ ಹೊಟ್ಟಿ ತಣ್ಣಗಿರ್ಲಿ. ನಿಂತೇ ಅದೀರಲ್ಲ, ಕೂಡ್ರಿ."

ಕೊಟ್ಟೂರಪ್ಪ, "ಅವ್ವಾ, ನಾನು..." ಎಂದ. ಸಣ್ಣಬೀರಪ್ಪ ಅವನತ್ತ ನೋಡಿ ಬೇಡವೆಂದು ತಲೆಯಾಡಿಸಿದ, ಒಂದೇ ಸಲ. ಕೊಟ್ಟೂರಪ್ಪ ಕೂತ. ಮುದುಕಿ ಕೊಟ್ಟ ಚೊಂಬಿನ ನೀರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ಬಗ್ಗಿಸಿದ.

ಜಿನ್ನಿನ ಸೈರನ್ ಕೂಗಿತು. ಸಣ್ಣಬೀರಪ್ಪ ಗೂಟದ ಮೇಲಿನ ಅಂಗಿ ಹಾಕಿಕೊಂಡ. ಮೂರನೆಯ ದಿನವೂ ಹೋಗದಿದ್ದರೆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದು ಯಾರನ್ನೂ ನೋಡದೆ ಹೇಳಿದ. ಅವನ ದಾರಿಯೂ ಇವರ ದಾರಿಯೂ ಒಂದೇ. ಮೂವರೂ ಹೊರಟರು. ಸಣ್ಣಬೀರಪ್ಪ ನಾಲ್ಕು ಹೆಜ್ಜೆ ಮುಂದಿದ್ದ. ಅವನನ್ನು ದಾಟುವ ಧೈರ್ಯವಾಗಲಿ, ಹಿಂದೆ ಉಳಿಯುವ ಧೈರ್ಯವಾಗಲಿ ಇವರಿಬ್ಬರಿಗಿರಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಹತ್ತಿಯ ಅಂಡಿಗೆ ಹೇರಿದ ಗೂಡ್ಸ್ ಗಾಡಿ ನಿಧಾನವಾಗಿ ಬರುತ್ತಿತ್ತು. ಸಣ್ಣಬೀರಪ್ಪ ನಿಂತ, ಇವರು ಬಂದು ಅವನ ಪಕ್ಕದಲ್ಲಿ ನಿಂತರು. ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ನಡುವಿನ ಸಂದಿನಲ್ಲಿ ಆಚೆಯ ರಸ್ತೆ ಕಾಣಿಸಿ ಮರೆಯಾಗುತ್ತಿತ್ತು. ಗಾಳಿಗೆ ಹಾರಿಬಂದ ಹತ್ತಿಯ ಎಳೆಯೊಂದು ಕೊಟ್ಟೂರಪ್ಪನ ಗಡ್ಡಕ್ಕೆ ಅಂಟಿಕೊಂಡಿತು. ಅವನಿಗೆ ಅದು ಗೊತ್ತಾಗಲಿಲ್ಲ. ಸಣ್ಣಬೀರಪ್ಪ ಅದನ್ನು ನೋಡಿದ, ಆಮೇಲೆ ಮತ್ತೆ ಗಾಡಿಯ ಕಡೆ ತಿರುಗಿಕೊಂಡ.