ಎರಡು ತಲೆಯ ಹಾವೆಂದು ನಂಬಿದ ಕುಕ್ಕಪ್ಪ ಗೌಡರು

ಗುಡ್ಡದಿಂದ ತರಗೆಲೆ ತಂದು ದನದ ಹಟ್ಟಿಗೆ ಹಾಸುವುದು ನಮ್ಮ ಸುಳ್ಯದ ಕಡೆ ದಿನನಿತ್ಯದ ಕೆಲಸ. ಬುಟ್ಟಿಯಲ್ಲಿ ತರಗೆಲೆಯೊಡನೆ ಏನೇನು ಬರುತ್ತದೋ ದೇವರೇ ಬಲ್ಲ. ಕುಕ್ಕಪ್ಪ ಗೌಡರ ಮನೆಯಲ್ಲಂತೂ ಸಣ್ಣ 'ಎರಡು ತಲೆಯ ಹಾವು' ಬಂದರೆ ಸಂಭ್ರಮ. ಅದನ್ನು ಬರಿಗೈಯಲ್ಲಿ ಹಿಡಿದು ಗೊಬ್ಬರದ ಗುಂಡಿಗೆ ಬಿಟ್ಟರೆ ಗೊಬ್ಬರ ಚೆನ್ನಾಗುತ್ತದೆಂದು ಅವರ ನಂಬಿಕೆ.

1961ರ ಒಂದು ಬೆಳಿಗ್ಗೆ, ಮಲೇರಿಯಾದ ಮದ್ದು ಹೊಡೆಯುವ ಹೈದರ್ ಪಂಪು ಹೊತ್ತು ಅಂಗಳಕ್ಕೆ ಬಂದಾಗ, ಗೌಡರ ಹೆಂಡತಿ ದಮಯಂತಿ ಬುಟ್ಟಿ ಸುರಿಯುತ್ತಿದ್ದಳು. ತರಗೆಲೆಯಿಂದ ಪೆನ್ಸಿಲ್ ದಪ್ಪದ ಹಾವೊಂದು ಜಾರಿತು.

"ಎರಡು ತಲೆಯದ್ದು ಮಾರಾಯ್ತಿ! ಅಗೋ, ಕೆಂಪು ತಲೆ ಎತ್ತಿತು. ಅದನ್ನು ನಾನು ನೋಡಿಕೊಳ್ತೇನೆ, ನೀನು ಆಚೆ ತುದಿ ಹಿಡಿ," ಎಂದರು ಗೌಡರು. ದಮಯಂತಿ ಬಗ್ಗಿ ಕೈ ಚಾಚಿದಳು.

"ಕೈ ತೆಗೀರಿ ಅಕ್ಕಾ!" ಹೈದರನ ಕೂಗಿಗೆ ಹಟ್ಟಿಯ ದನವೂ ಎದ್ದು ನಿಂತಿತು.

"ಎಂತ ಹೈದರ್, ಸೊಳ್ಳೆಗೆ ಮದ್ದು ಹೊಡೆಯುವವ ನನಗೆ ಹಾವು ಕಲಿಸುದಾ?"

"ನೀವೇ ನೋಡಿ ಕುಕ್ಕಪ್ಪಣ್ಣ. ನಾಲಿಗೆ ಯಾವ ಕಡೆ ಉಂಟು?"

ಎತ್ತಿದ ಕೆಂಪು ತುದಿಯಲ್ಲಿ ಕಣ್ಣೂ ಇಲ್ಲ, ನಾಲಿಗೆಯೂ ಇಲ್ಲ. ನಾಲಿಗೆ ಆಡುತ್ತಿದ್ದುದು ದಮಯಂತಿ ಕೈ ಚಾಚಿದ್ದ ಕಡೆ. ಹೆಂಡತಿಯನ್ನು ನಾನೇ ಹಾವಿನ ಬಾಯಿಗೆ ಕೊಡುತ್ತಿದ್ದೆನಲ್ಲ ಎಂದು ಗೌಡರು ಅವಳ ಕೈ ಹಿಡಿದು ಈಚೆಗೆ ಎಳೆದರು.

"ಇದು ಹವಳದ ಹಾವು, ವಿಷ ಉಂಟು," ಎಂದ ಹೈದರ್. "ಹೆದರಿದರೆ ಬಾಲ ಎತ್ತಿ ಕೆಂಪು ತೋರಿಸ್ತದೆ. ಬೆನ್ನಿನ ಉದ್ದಕ್ಕೆ ಕಪ್ಪು ಗೆರೆ ನೋಡಿ. ಹುರುಪೆ ನುಣ್ಣಗೆ ಹೊಳೀತದೆ, ಹೊಟ್ಟೆಯಲ್ಲಿ ಅಗಲಗಲ ಪಟ್ಟಿಯ ಹಾಗೆ ಇರ್ತದೆ. ನೀವು ಗುಂಡಿಗೆ ಬಿಡುವ ವಿಷವಿಲ್ಲದ ಹಾವಿಗೆ ಹೊಟ್ಟೆಯ ಹುರುಪೆ ಸಣ್ಣದು, ಬಾಲ ಕತ್ತಿಯಲ್ಲಿ ಕಡಿದ ಹಾಗೆ ಮೊಂಡು, ದೊರಗು. ನಮ್ಮ ಆಸ್ಪತ್ರೆಯ ಡಾಕ್ಟರು ಬಾಟ್ಲಿಯಲ್ಲಿಟ್ಟ ಎರಡನ್ನೂ ನನಗೆ ತೋರಿಸಿದ್ದಾರೆ."

"ಹಾಗಾದ್ರೆ ಇನ್ನು ಹೊಟ್ಟೆ ಮಗುಚಿ ನೋಡಿಯೇ ಹಿಡಿಯುದು!" ಎಂದರು ಗೌಡರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ.

"ನೀವು ಅದರ ಹೊಟ್ಟೆ ನೋಡುವಾಗ ಅದು ನಿಮ್ಮ ಬೆರಳು ನೋಡ್ತದೆ," ಎಂದಳು ದಮಯಂತಿ. ಹೈದರ್ ನಕ್ಕುಬಿಟ್ಟ. ಗೌಡರಿಗೂ ನಗು ತಡೆಯಲಾಗಲಿಲ್ಲ. ಮೂವರೂ ಹಿಂದೆ ಸರಿದು ನಿಂತರು. ಹಾವು ಕಲ್ಲಿನ ಸಂದಿಗೆ ಇಳಿದು ಹೋಯಿತು.

ಸಂಜೆಯೊಳಗೆ ಗೌಡರು ತರಗೆಲೆ ಕೆದರಲು ಉದ್ದದೊಂದು ಕೋಲು ಕಡಿದು ಹೆಂಡತಿಗೆ ಕೊಟ್ಟರು. "ಇನ್ನು ಬರಿಗೈ ಹಾಕುದು ಬೇಡ, ನಾನು ಹೇಳಿದರೂ ಹಾಕಬೇಡ," ಎಂದರು.

ಅಕ್ಕಂದಿರೇ, ಅಣ್ಣಂದಿರೇ, ತರಗೆಲೆಯನ್ನು ಕೋಲಿನಿಂದ ಕೆದರಿ ಆಮೇಲೆ ಮುಟ್ಟಿ. ಹಾವನ್ನು ದೂರದಿಂದಲೇ ನೋಡಿ, ಹೋಗಲು ಬಿಡಿ. ಕಚ್ಚಿದರೆ ಕೊಯ್ಯಬೇಡಿ, ಚೀಪಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಹೋಗಿ. ಹಾವಿನ ಹೆಸರು ತಪ್ಪು ಹೇಳಿದರೆ ನಾಲ್ಕು ಜನ ನಗಬಹುದು, ಅಷ್ಟೆ. ತಪ್ಪು ತಿಳಿದು ಕೈ ಹಾಕಿದರೆ ಮನೆಯವರು ಅಳಬೇಕಾದೀತು.